ತಮ್ಮ ಸ್ಪೇನ್‌ದಾಗ ಸಿಕ್ಕೊಂಡಾನ, ಹಾಯಿದೋಣಿ ಗ್ರೀಸಿಗೆ ಮುಟ್ಟಿಸೋ ಕೆಲಸ ಬಂದದ, ಹೋಗು ಅನ್ಲೋ ಬ್ಯಾಡ ಅನ್ಲೋ? (ಜೂನ್ 2020, ಕೊರೊನಾ ಟೈಮಿನ ಮಾತು)

ಬಿತ್ತಿಗಿ ಅಣ್ಣ, ಕಲಬುರಗಿ:

ನಮಸ್ಕಾರ್ರಿ ಎಲ್ಲಾರಿಗೂ. ಬಿಸಿಲೂರಿನಾವ ಸಮುದ್ರದ ಮಾತು ಕೇಳ್ಲಕತ್ತಾನ ಅಂತ ನಗಬ್ಯಾಡ್ರಿ, ನಾ ಕಂಡ ದೊಡ್ಡ ನೀರಂದ್ರ ಭೀಮಾ ಹೊಳಿ, ಅದೂ ಬ್ಯಾಸಗ್ಯಾಗ ಧೋತರ ಎತ್ತಿಕೊಂಡು ದಾಟೋದು. ಮಾತು ನನ್ನ ತಮ್ಮಂದು. ಅವ ಗೋವಾದಾಗ ವಾಟರ್ ಸ್ಪೋರ್ಟ್ಸ್ ಕೆಲಸಕ್ಕಿದ್ದ, ಅಲ್ಲಿಂದ ಎಸ್‌ಟಿಸಿಡಬ್ಲ್ಯೂ ಬೇಸಿಕ್ ಕೋರ್ಸು, ಅಂದ್ರ ಹಡಗಿನವರ ಸುರಕ್ಷತಾ ತರಬೇತಿ ಮುಗಿಸಿ, ಸಿಡಿಸಿ ಅನ್ನೋ ನಾವಿಕರ ಗುರುತಿನ ಪುಸ್ತಕ ಮಾಡಿಸ್ಕೊಂಡು ಈ 2020ರ ಫೆಬ್ರವರಿಯಾಗ ಸ್ಪೇನಿನ ಪಾಲ್ಮಾಕ್ಕ ಹೋದ, ಮಯೋರ್ಕಾ ದ್ವೀಪದ ಊರು ಅದು, ಶ್ರೀಮಂತರ ಯಾಟ್‌ಗೋಳು ಅಲ್ಲೇ ಬಂದು ನಿಲ್ತಾವಂತ, ಸೀಸನ್ ಶುರು ಆಗೋಕ್ಕಿಂತ ಮುಂಚೆ ಹೋಗಿ ಕುಂತ್ರ ಡೆಕ್ ಮ್ಯಾಲ ಕೆಲಸ ಸಿಗ್ತದ ಅಂತ ಲೆಕ್ಕ ಹಾಕಿದ್ದ. ಮಾರ್ಚ್ 14ಕ್ಕ ಅಲ್ಲಿ ಕೊರೊನಾ ಅಂತ ತುರ್ತು ಸ್ಥಿತಿ ಹಾಕಿದ್ರು, ಸೀಸನ್ ಮಣ್ಣಾಯ್ತು, ಈ ಕಡೆ ನಮ್ಮೋರು ಹೊರದೇಶದ ವಿಮಾನ ಎಲ್ಲಾ ಬಂದ್ ಮಾಡಿದ್ರು, ಅವ ಅಲ್ಲೇ ಉಳದ. ಒಂದು ಖೋಲಿಯಾಗ ನಾಕೈದು ಮಂದಿ ಸೇರಿ ಇದ್ದಾರ, ಕೈಯಾಗಿನ ರೊಕ್ಕ ಮುಗೀಲಕ್ಕ ಬಂದದ.

ಈಗ ಒಬ್ಬ ಸ್ಕಿಪ್ಪರ್, ಅಂದ್ರ ದೋಣಿ ನಡಸೋ ಕ್ಯಾಪ್ಟನ್, ಬಂದು 44 ಫೂಟಿನ ಹಾಯಿದೋಣಿ ಒಂದನ್ನ ಪಾಲ್ಮಾದಿಂದ ಗ್ರೀಸಿನ ಪ್ರೆವೇಝಾಕ್ಕ ಒಯ್ಯಬೇಕು ನೀನೂ ಬಾ ಅಂತ ಕರದಾನ, ದೋಣಿ ಮಾಲಕ ಜರ್ಮನಿಯಾಗ ಕುಂತಾನ, ಅವಂಗ ಈ ಬ್ಯಾಸಗಿ ಗ್ರೀಸಿನಾಗ ದೋಣಿ ಬೇಕಂತ. ಮೂರು ಮಂದಿ ಹೋಗೋದು, ಎಲ್ಲೂ ನಿಲ್ಲದಂಗ ಹೋದ್ರ ಎಂಟೊಂಬತ್ತು ದಿನ ಅಂತಾರ. ತಮ್ಮಂಗ ಹೋಗೋ ಉಮೇದಿ ಬಾಳ ಅದ. ಅವ್ವಂದು ಒಂದೇ ಹಟ, ಬ್ಯಾಡ. ದೇಶದಾಗ ಕೊರೊನಾದ ಮೊದಲ ಸಾವು ಮಾರ್ಚ್ 10ಕ್ಕ ನಮ್ಮೂರಾಗೇ ಆಗಿದ್ದು ನಿಮಗೆಲ್ಲಾ ಗೊತ್ತದ, ಆವತ್ತಿನಿಂದ ಅವ್ವ ಟಿವಿ ಮುಂದಿಂದ ಏಳವಲ್ಲಳು. ಅದರ ಮ್ಯಾಲ ಇವ ನಿನ್ನಿ ಒಂದ್ ಫೋಟೋ ಕಳಿಸ್ಯಾನ, ದೋಣಿ ಮ್ಯಾಲ ಹಳದಿ ಬಾವುಟ ಹಚ್ಚ್ಯಾರ, ಅದು ರೋಗದ ದೋಣಿಗೆ ಹಚ್ಚೋದು ಅಂತ ಓಣ್ಯಾಗಿನವರು ಯಾರೋ ಹೇಳ್ಯಾರ, ಮನ್ಯಾಗ ಊಟ ಬಿಟ್ಟು ಕುಂತಾರ.

ಕೇಳೋದು ಇಷ್ಟೇ. ಈ ಟೈಮಿನಾಗ ಹಿಂಗ ಒಂದು ದೇಶದಿಂದ ಇನ್ನೊಂದಕ್ಕ ದೋಣಿ ಒಯ್ಲಿಕ್ಕ ಬಿಡ್ತಾರೇನು, ನಡುವ ಬಂದರಿನಾಗ ಹಿಡದು ಕುಂದ್ರಸ್ತಾರೇನು, ಅಷ್ಟು ಸಣ್ಣ ದೋಣ್ಯಾಗ ಆ ಸಮುದ್ರ ದಾಟೋದು ಸಲೀಸೇನು. ಯಾರಿಗರ ತಿಳದಿದ್ರ ಖರೆ ಹೇಳ್ರಿ. ನನಗ ಇಲ್ಲಿ ಹೆಸರು ಬಿತ್ತೋದು ನಡದದ, ಹೊಲದಾಗ ನಿಂತು ಫೋನಿನ್ಯಾಗ ಬರೀಲಕತ್ತೀನಿ, ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ.

ಇಂಜಿನ್‌ರೂಮ್, ಕಲಬುರಗಿ:

ಅಣ್ಣಾ ಮೊದಲು ಅವ್ವಂಗ ಊಟ ಮಾಡಸ್ರಿ. ಹಳದಿ ಬಾವುಟ ರೋಗದ್ದಲ್ಲ, ಉಲ್ಟಾ. ಕ್ಯೂ ಫ್ಲ್ಯಾಗ್ ಅಂತಾರ ಅದಕ್ಕ, ಪರದೇಶದ ಬಂದರಿಗೆ ಬಂದಾಗ ಹಚ್ಚೋದು, ನಮ್ಮ ದೋಣ್ಯಾಗ ಎಲ್ಲಾರೂ ಆರಾಮ ಇದ್ದೀವಿ, ಒಳಗ ಬರ್ಲಿಕ್ಕ ಪರವಾನಗಿ ಕೊಡ್ರಿ ಅಂತ ಕೇಳೋ ಗುರುತು. ಅಧಿಕಾರಿ ಬಂದು ಕಾಗದ ನೋಡಿ ಹೂಂ ಅಂದ ಮ್ಯಾಲ ಇಳಸ್ತಾರ. ಬರೇ ತಯಾರಿಗಂತ ಹಚ್ಚಿ ನೋಡಿರಬೇಕು ಹುಡುಗ.

ನಾ ಮರ್ಚೆಂಟ್ ನೇವಿಯಾಗ ಇಂಜಿನಿಯರ್. ಹಾಯಿದೋಣಿ ನಡಸಿಲ್ಲ, ಅದನ್ನ ಬಲ್ಲವರು ಹೇಳ್ಲಿ, ಕಾಗದದ ಮಾತಷ್ಟೇ ನಂದು, ನನ್ನ ಪ್ರಕಾರ ನಿಮ್ಮ ತಮ್ಮನ ಸಮಸ್ಯಾ ಇರೋದೂ ಅಲ್ಲೇ. ಫೆಬ್ರವರಿಯಾಗ ಹೋಗ್ಯಾನ ಅಂದ್ರ ಶೆಂಗೆನ್ ವೀಸಾದ, ಅಂದ್ರ ಯುರೋಪಿನ ಬಾಳ ದೇಶಕ್ಕ ಕೂಡಿ ಒಂದೇ ನಡಿಯೋ ವೀಸಾದ, 90 ದಿನ ಮೇ ತಿಂಗಳಿಗೇ ಮುಗದಿರಬೇಕು. ಮತ್ತ ಈಗ ಹ್ಯಾಂಗ ಇದ್ದಾನ? ಸ್ಪೇನ್ ಸರ್ಕಾರ ಮೇನಾಗ ಒಂದು ಆದೇಶ ಮಾಡ್ಯದ, ತುರ್ತು ಸ್ಥಿತಿ ಇದ್ದಾಗ 90 ದಿನ ಮುಗದವರಿಗೆ ತಾನಾಗೇ ಮೂರು ತಿಂಗಳು ವಾಯಿದೆ ಕೊಟ್ಟದ, ಅರ್ಜಿ ಸೈತ ಬೇಕಿಲ್ಲ. ಛಲೋ ಮಾತು. ಆದ್ರ ಆ ವಾಯಿದೆ ಸ್ಪೇನ್ ಗಡಿ ಒಳಗ ಅಷ್ಟೇ ನಡೀತದ. ಗ್ರೀಸೂ ಶೆಂಗೆನ್ನೇ ಇದ್ರೂ ಅಲ್ಲಿಯ ಆಫೀಸರ್‌ಗೆ ಸ್ಪೇನಿನವರು ಕೊಟ್ಟ ಮಾಫಿ ಕಟ್ಟಿಲ್ಲ, ಅವನ ಲೆಕ್ಕದಾಗ ನಿಮ್ಮ ತಮ್ಮ ದಿನ ಮೀರಿ ಉಳದಾವ, ದಂಡ ಹಾಕಬಹುದು, ಮುಂದ ಯುರೋಪಿಗೇ ಬರಬ್ಯಾಡ ಅಂತ ಬರದೂ ಕೊಡಬಹುದು. ಯಾಟ್ ಕೆಲಸನೇ ಹೊಟ್ಟಿಪಾಡು ಮಾಡ್ಕೋಬೇಕು ಅಂದಾವಂಗ ಇದಕ್ಕಿಂತ ದೊಡ್ಡ ಲುಕ್ಸಾನು ಯಾವ್ದದ.

ಸಿಡಿಸಿ ಅದ ಅಲ್ಲ ಅಂತೀರಿ. ನಮ್ಮ ಕಡೆ ಹುಡುಗರು ಆ ಪುಸ್ತಕ ಕೈಗೆ ಬಂದ್ರ ಎಲ್ಲಾ ಬಾಗಲಾ ತೆಗೀತದ ಅಂತ ತಿಳಕೋತಾರ. ಸೀಫೇರರ್ಸಿಗೆ, ಅಂದ್ರ ಹಡಗಿನ ನೌಕರರಿಗೆ, ಸಡಿಲಿಕೆ ಇರೋದು ಖರೆ, ಮಾರ್ಚಿನಾಗ ಯುರೋಪ್ ಹೊರಗಿನವರಿಗೆ ಬಾಗಲಾ ಹಾಕಿದಾಗೂ ಅವರನ್ನ ಬಿಟ್ಟಿದ್ರು, ಆದ್ರ ಅದು ವ್ಯಾಪಾರಿ ಹಡಗಿಗೆ ಸೈನ್ ಆನ್ ಆದವರ ಲೆಕ್ಕ. ಖಾಸಗಿ ದೋಣಿ, ಮಾಲಕನ ಶೋಕಿಗೆ ಇಟ್ಟಿದ್ದು ಅಂದ್ರ ಬಂದರಿನ ಪೋಲೀಸ ನಿಮ್ಮ ತಮ್ಮನ್ನ ಟೂರಿಸ್ಟ್ ಅಂತ ಹಿಡೀಬಹುದು. ದೋಣಿ ಕಮರ್ಶಿಯಲ್ ರಿಜಿಸ್ಟ್ರೇಷನ್ ಐತೋ ಪ್ರೈವೇಟ್ ಐತೋ, ಕ್ರೂ ಲಿಸ್ಟಿನಾಗ ಇವನ ಹೆಸರು ಯಾವ ಹುದ್ದೆ ಅಂತ ಬರದಾರ, ಕಾಂಟ್ರ್ಯಾಕ್ಟ್ ಯಾರು ಸೈನ್ ಮಾಡ್ಯಾರ, ಇಷ್ಟು ಕೇಳಿ ತಿಳಸ್ರಿ.

ದೊಡ್ಡ ಹಡಗಿನವರದೇ ಈಗ ಹಾಲ್ ಕೆಟ್ಟದ ಅಣ್ಣಾ. ಕಾಯ್ದೆ ಪ್ರಕಾರ 11 ತಿಂಗಳಿಗಿಂತ ಮ್ಯಾಲ ಹಡಗಿನಾಗ ಇಟ್ಕೊಳ್ಳಂಗಿಲ್ಲ, ಈಗ ಕರಾರು ಮುಗದವರು ಲಕ್ಷದ ಲೆಕ್ಕದಾಗ ನೀರಿನ ಮ್ಯಾಲೇ ಇದ್ದಾರ, ಕೆಲವರು ಆ 11 ತಿಂಗಳೂ ಮೀರ್ಯಾರ, ಬಾಳ ದೇಶದವರು ಇಳೀಲಿಕ್ಕ ಬಿಡವಲ್ರು. ಕಂಪನಿ, ಏಜೆಂಟು, ಯೂನಿಯನ್ನು ಎಲ್ಲಾ ಬೆನ್ನಿಗಿದ್ದವರ ಕಥಿ ಇದು. ನಿಮ್ಮ ತಮ್ಮನ ಬೆನ್ನಿಗೆ ಯಾರಿದ್ದಾರ?

ಬೀದರ್ ಕೋಟೆ:

ನಾ ಸಮುದ್ರ ನೋಡಿದ್ದು ಮುಂಬೈ ಚೌಪಾಟಿಯಾಗ ಅಷ್ಟೇ, ಆದ್ರೂ ಬಾಯಿ ಹಾಕ್ತೀನಿ. ಮೊನ್ನೆ ಸುದ್ದಿ ಓದಿರಿಲ್ಲೋ, ಅರ್ಜೆಂಟೀನಾದ ಹುವಾನ್ ಮಾನುಯೆಲ್ ಬಾಲೆಸ್ತೆರೋ ಅನ್ನಾವ ಪೋರ್ಚುಗಲ್ಲಿನ ಪೋರ್ತೊ ಸಾಂತೊ ದ್ವೀಪದಾಗಿದ್ದ, ವಿಮಾನ ಬಂದ್ ಆದ್ವು, 90 ತುಂಬೋ ಅಪ್ಪನ್ನ ನೋಡಬೇಕು ಅಂತ ಮಾರ್ಚಿನಾಗ 29 ಫೂಟಿನ ದೋಣಿ ತೊಗೊಂಡು ಒಬ್ಬನೇ ಹೊಂಟ, 85 ದಿನಕ್ಕ ಅಟ್ಲಾಂಟಿಕ್ ದಾಟಿ ಇದೇ ಜೂನ್ 17ಕ್ಕ ಮಾರ್ ದೆಲ್ ಪ್ಲಾತಾ ಮುಟ್ಟ್ಯಾನ. ಅವ ಸಾಗರನೇ ದಾಟ್ಯಾನ, ನಿಮ್ಮ ಹುಡುಗ ಮೂರು ಮಂದಿ ಕೂಡಿ ಒಂಬತ್ತು ದಿನಕ್ಕ ಅಂಜಿದ್ರ ಹ್ಯಾಂಗ್ರಿ. ಬಿಡ್ರಿ ಹೋಗ್ಲಿ, ಖೋಲ್ಯಾಗ ಕುಂತು ಹುಚ್ಚ ಹಿಡಿಯೋಕ್ಕಿಂತ ಗಾಳಿಗಾದ್ರೂ ಇರ್ತಾನ.

ಆದ್ರ ಇಂಜಿನ್‌ರೂಮ್ ಸಾಹೇಬ್ರು ಹೇಳಿದ್ದೂ ಸುಳ್ಳಲ್ಲ. 15ನೇ ಶತಮಾನದಾಗ ನಮ್ಮ ಬೀದರಿಗೆ ರಷ್ಯಾದಿಂದ ಅಫನಾಸಿ ನಿಕಿತಿನ್ ಅನ್ನೋ ವ್ಯಾಪಾರಿ ಬಂದಿದ್ದ, ಹೊರ್ಮುಜಿನಾಗ ಕುದುರಿ ಖರೀದಿ ಮಾಡಿ ಅದನ್ನ ಹಡಗಿನಾಗ ಹಾಕ್ಕೊಂಡು ಚೌಲ್ ಬಂದರಿಗಿ ಇಳದ. ಸಮುದ್ರ ಅವಂಗೇನೂ ಮಾಡ್ಲಿಲ್ಲ. ನೆಲಕ್ಕಿಳದು ಜುನ್ನರಿಗಿ ಬಂದ ಮ್ಯಾಲ ಅಲ್ಲಿಯ ಖಾನ ಕುದುರಿ ಕಸಗೊಂಡ. ಹೆಂಗೋ ಬಿಡಿಸ್ಕೊಂಡು ಬೀದರಿಗಿ ತಂದು ಮಾರಿದ, ಅದು ಬ್ಯಾರೆ ಕಥಿ.

ಸಗರನಾಡ ಸೈಲರ್, ಸುರಪುರ:

ನಮ್ಮದು ಯಾದಗಿರಿ ಜಿಲ್ಲಾರಿ, ಈಗಿರೋದು ಗೋವಾದಾಗ. ಹಿಂಗ ದೋಣಿ ಮುಟ್ಟಿಸೋ ಕೆಲಸಕ್ಕ ಕ್ರೂ ಆಗಿ ಆ ಕಡೆ ಹೋಗಿ ಬಂದೀನಿ, ಅದಕ್ಕ ನೀರಿನ ಮಾತು ನಾ ಹೇಳ್ತೀನಿ.

ಬೀದರ್ ಅಣ್ಣಾವ್ರೇ, ಬಾಲೆಸ್ತೆರೋ ಮಾತು ಇಲ್ಲಿ ಹೊಂದಂಗಿಲ್ಲ. ಅವ ಹೊಂಟಿದ್ದು ತನ್ನ ದೇಶಕ್ಕ, ಬಾಗಲಾ ತೆಗೀಲೇಬೇಕು ಅವರು. ಹಂಗಿದ್ರೂ ನಡುವ ಕೇಪ್ ವರ್ಡಿಯಾಗ ಊಟ ಡೀಸಲ್‌ಗೆ ಅಂತ ನಿಲ್ಲಬೇಕು ಅಂದ್ರ ಬಿಡ್ಲಿಲ್ಲ, ಇದ್ದಿದ್ರಾಗೇ ಮುಂದ ಹೋದ. ಆ ಜಾಗಾದಾಗ ಗ್ರೀಸಿಗೆ ಹೊಂಟ ಕಲಬುರಗಿ ಹುಡುಗನ್ನ ಇಟ್ಟು ನೋಡ್ರಿ.

ಈಗ ದಾರಿ. ಪಾಲ್ಮಾದಿಂದ ಪ್ರೆವೇಝಾ 900 ನಾಟಿಕಲ್ ಮೈಲಿನ ಆಸುಪಾಸು, ಒಂದು ನಾಟಿಕಲ್ ಮೈಲು ಅಂದ್ರ 1.852 ಕಿಲೋಮೀಟರ್. ಈ ಅಳತಿ ದೋಣಿ ತಾಸಿಗೆ ಐದು ಆರು ಮೈಲು ಹೋಗ್ತದ, ದಿನಕ್ಕ 120-130, ಏಳೆಂಟು ದಿನ ಆಯ್ತು, ಹಿಂಗಾಗಿ ಅವರು ಎಂಟೊಂಬತ್ತು ದಿನ ಅಂದದ್ದು ಲೆಕ್ಕಕ್ಕ ಬರೋಬರ್ ಅದ, ಎಲ್ಲೂ ನಿಲ್ಲದಿದ್ರ. ಎಲ್ಲೂ ನಿಲ್ಲದಂಗ ಅನ್ನೋದೇ ನನಗ ನಂಬಿಗಿ ಬರವಲ್ದು. ಹಾಯಿದೋಣಿ ಅಂದ್ರ ಗಾಳಿಗೇ ಹೋಗ್ತದ ಅಂತ ಮಂದಿ ತಿಳಕೊಂಡಾರ. ಬ್ಯಾಸಗ್ಯಾಗ ಮೆಡಿಟರೇನಿಯನ್ ಗಾಳಿ ಒಂದೋ ಇರಂಗೇ ಇಲ್ಲ, ಇಲ್ಲಾ ತಲಿ ಮ್ಯಾಲ ಬಂದು ಕುಂದರ್ತದ. ಅರ್ಧ ದಾರಿ ಇಂಜಿನ್ನೇ. 44 ಫೂಟಿನ ದೋಣ್ಯಾಗ ಡೀಸಲ್ ಟ್ಯಾಂಕು 200 ಲೀಟರ್ ಆಜುಬಾಜು ಹಿಡೀರಿ, ತಾಸಿಗೆ 3 ಲೀಟರ್ ಕುಡೀತದ, ಅಂದ್ರ 65 ತಾಸು, ಬಾಳಂದ್ರ 350 ಮೈಲು. ಜೆರ್ರಿಕ್ಯಾನ್ ಕಟ್ಕೊಂಡ್ರೂ ಗಾಳಿ ಕೈಕೊಟ್ರ ನಡುವ ಇಟಲಿಯ ದ್ವೀಪ ಸಾರ್ಡಿನಿಯಾದಾಗೋ ಸಿಸಿಲಿಯಾಗೋ ಒಮ್ಮೆ ನಿಲ್ಲೋದು ಬಂತು. ಇಟಲಿ ಜೂನ್ 3ಕ್ಕ ಯುರೋಪಿನವರಿಗೆ ಬಾಗಲಾ ತೆಗದದ ಖರೆ, ಸಾರ್ಡಿನಿಯಾದವರು ಬರೋಕ್ಕಿಂತ ಮೊದಲೇ ಆನ್‌ಲೈನ್ ಹೆಸರು ಬರಸ್ರಿ ಅಂತಾರ. ಅಲ್ಲಿ ಈ ಹುಡುಗನ ಪಾಸ್‌ಪೋರ್ಟು ಒಮ್ಮೆ, ಗ್ರೀಸಿನಾಗ ಒಮ್ಮೆ, ಎರಡು ಸರ್ತಿ ಹೊರಗ ಬರ್ತದ.

ಸಮುದ್ರ ಅಂಜಸೋದು ಎರಡು ಕಡೆ. ಮಯೋರ್ಕಾ ಬಾಜೂಕಿನ ಮೆನೋರ್ಕಾ ದ್ವೀಪ ಬಿಟ್ಟು ಸಾರ್ಡಿನಿಯಾ ಮುಟ್ಟೋತನಕ 200 ಮೈಲಿನಷ್ಟು ಬಯಲು ನೀರು, ಫ್ರಾನ್ಸಿನ ರೋನ್ ಕಣಿವಿಯಿಂದ ಮಿಸ್ಟ್ರಾಲ್ ಅನ್ನೋ ಗಾಳಿ ಇಳದು ಬರ್ತದ, ಮುಗಲು ಸ್ವಚ್ಛ ಇರ್ತದ, ಮೋಡ ಇಲ್ಲ ಏನಿಲ್ಲ, ತಾಸೊಪ್ಪತ್ತಿನಾಗ ಅಲೆ ಎದ್ದು ನಿಲ್ತಾವ, ಒತ್ತೊತ್ತಾಗಿ ಕಡದಾದ ಅಲೆ. ಮುನ್ಸೂಚನೆ ನೋಡಿ ಎರಡು ದಿನ ತಡದು ಹೊಂಟ್ರ ಇದನ್ನ ತಪ್ಪಿಸಬಹುದು, ಆದ್ರ ಮಾಲಕ ಅವಸರ ಮಾಡಿದ್ರ ಸ್ಕಿಪ್ಪರ್ ತಡೀತಾನೋ ಇಲ್ಲೋ ಅದೇ ಪ್ರಶ್ನೆ. ಎರಡನೇದು ಮೆಸ್ಸಿನಾ ಜಲಸಂಧಿ, ಇಟಲಿ ದೊಡ್ಡ ನೆಲ ಮತ್ತ ಸಿಸಿಲಿ ದ್ವೀಪದ ನಡುವ. ಈ ಸಮುದ್ರದಾಗ ಭರತ ಇಳತ ಇಲ್ಲ ಅನ್ನೋಷ್ಟು ಕಡಿಮಿ, ಆದ್ರ ಅಲ್ಲಿ ನೀರು ಆರಾರು ತಾಸಿಗೆ ದಿಕ್ಕು ಬದಲಸ್ತದ, ಸೆಳವು ಜೋರಿದ್ದಾಗ ದೋಣಿ ಇಂಜಿನ್ ಹಾಕಿದ್ರೂ ನಿಂತಲ್ಲೇ ನಿಲ್ತದ, ಜೊತಿಗೆ ದೊಡ್ಡ ಹಡಗು, ಫೆರ್ರಿ ಅಡ್ಡ ಓಡಾಡ್ತಿರ್ತಾವ. ಅದು ಬ್ಯಾಡ ಅಂದ್ರ ಸಿಸಿಲಿ ದಕ್ಷಿಣಕ್ಕ ಸುತ್ತು ಹಾಕಿ ಹೋಗಬೇಕು, ಆ ಕಡೆ ಲಿಬಿಯಾದಿಂದ ಜೀವ ಕೈಯಾಗ ಹಿಡ್ಕೊಂಡು ರಬ್ಬರ್ ದೋಣ್ಯಾಗ ಬರೋ ಮಂದಿ ಸಿಗಬಹುದು, ಸಿಕ್ರ ಬಿಟ್ಟು ಹೋಗಂಗಿಲ್ಲ, ಸಮುದ್ರದ ಕಾಯ್ದೆನೂ ಅದೇ, ಮನುಷ್ಯತ್ವನೂ ಅದೇ. ಆದ್ರ ಏಪ್ರಿಲ್‌ನ್ಯಾಗ ಇಟಲಿ, ಮಾಲ್ಟಾ ಎರಡೂ ಕೊರೊನಾ ಅಂತ ಹೇಳಿ ನಮ್ಮ ಬಂದರು ಸುರಕ್ಷಿತ ಇಲ್ಲ ಅಂದುಬಿಟ್ಟಾವ. ಮೂರು ಮಂದಿ ಸಣ್ಣ ದೋಣ್ಯಾಗ ಏನ್ ಮಾಡ್ತೀರಿ, ರೇಡಿಯೋದಾಗ ಇಟಲಿಯ ರಕ್ಷಣಾ ಕೇಂದ್ರ ಇರೋ ರೋಮ್‌ಗೆ ತಿಳಿಸಿ ಅವರ ಹತ್ರ ನಿಂತ್ಕೊಬೇಕು, ತಾಸಗಟ್ಟಲೆ.

ಉಳಿದದ್ದು ರೂಢಿ ಮಾತು. ಮೂರು ತಾಸು ಪಾಳಿ, ಆರು ತಾಸು ನಿದ್ದಿ, ನೀವು ರಾತ್ರಿ ಕರೆಂಟ್ ಬಂದಾಗ ಹೊಲಕ್ಕ ನೀರು ಬಿಡ್ಲಿಕ್ಕ ಏಳ್ತೀರಲ್ಲ ಹಂಗ. ಕತ್ತಲಾದ ಮ್ಯಾಲ ಲೈಫ್ ಜಾಕೆಟ್ ಹಾಕ್ಕೊಂಡು ಹಗ್ಗದ ಕೊಂಡಿ ದೋಣಿಗೆ ಸಿಗಿಸದೇ ಯಾರೂ ಮ್ಯಾಲ ಬರಂಗಿಲ್ಲ. ಒಂದು ಖುಷಿ ಸಂಗತಿ ಅಂದ್ರ ಸಿಸಿಲಿ ಉತ್ತರಕ್ಕ ಹಾಯ್ದು ಹೋದ್ರ ಸ್ಟ್ರೊಂಬೊಲಿ ಜ್ವಾಲಾಮುಖಿ ರಾತ್ರಿ ಆಗಾಗ ಕೆಂಪಗ ಮಿಣಕ್ತದ, ಹಳೇ ನಾವಿಕರಿಗೆ ಅದೇ ಲೈಟ್‌ಹೌಸು. ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ರಂತೂ ದೋಣ್ಯಾಗ ಅದಕ್ಕಿಂತ ಛಲೋ ಊಟ ಇಲ್ಲ, ಕೆಡಂಗಿಲ್ಲ, ಒಲಿ ಹಚ್ಚಂಗಿಲ್ಲ, ಹೊಟ್ಟಿ ತೊಳಸಿದಾಗೂ ಇಳೀತದ.

ಸಮುದ್ರಕ್ಕ ಅಂಜಿ ಬ್ಯಾಡ ಅನ್ನಬ್ಯಾಡ್ರಿ. ಆ ದೋಣಿ ಎಂಥಾದ್ದು, ಸ್ಕಿಪ್ಪರ್ ಎಂಥಾವ, ಅದನ್ನ ಕೇಳ್ರಿ. ಯಾಟ್‌ಮಾಸ್ಟರ್ ಸರ್ಟಿಫಿಕೇಟ್, ಅಂದ್ರ ಸ್ಕಿಪ್ಪರ್ ಪರೀಕ್ಷೆ ಪಾಸಾದ ಕಾಗದ, ಅದ ಏನು, ಜೀವ ಉಳಸೋ ರಬ್ಬರ್ ತೆಪ್ಪ ಲೈಫ್ ರಾಫ್ಟಿನ ಸರ್ವೀಸ್ ತಾರೀಖು ಮುಗದದ ಏನು, ಆಪತ್ತಿನಾಗ ಉಪಗ್ರಹಕ್ಕ ಸುದ್ದಿ ಮುಟ್ಟಿಸೋ ಇಪರ್ಬ್ ಅದ ಏನು, ಸುತ್ತಲಿನ ಹಡಗು ತೋರಸೋ ಎಐಎಸ್ ನಡೀತದ ಏನು. ಲಾಕ್‌ಡೌನಿನಾಗ ದೋಣಿ ತಿಂಗಳಗಟ್ಟಲೆ ನಿಂತೇ ಅದ, ಡೀಸಲಿನಾಗ ಬ್ಯಾಕ್ಟೀರಿಯಾ, ಬೂಷ್ಟು ಬೆಳದು ನಡು ಸಮುದ್ರದಾಗ ಫಿಲ್ಟರ್ ಕಟ್ತದ, ಹೊರಡೋಕ್ಕಿಂತ ಮೊದಲು ಟ್ಯಾಂಕ್ ತಳ ನೋಡ್ಲೇಬೇಕು.

ಬಿತ್ತಿಗಿ ಅಣ್ಣ, ಕಲಬುರಗಿ:

ಎಲ್ಲಾರಿಗೂ ಶರಣ್ರಿ. ಬಾವುಟದ ಮಾತು ಓದಿ ಹೇಳಿದೆ, ಅವ್ವ ನಕ್ಕಳು, ಊಟ ಆಯ್ತು.

ತಮ್ಮನ್ನ ಕೂಡ ಮಾತಾಡಿದೆ. ದೋಣಿ ಪ್ರೈವೇಟ್ ರಿಜಿಸ್ಟ್ರೇಷನ್. ಕಾಂಟ್ರ್ಯಾಕ್ಟ್ ಅಂತ ಒಂದು ಹಾಳಿ, ಅದರಾಗ ಊಟ ಮತ್ತ ದಾರಿ ಖರ್ಚು ಅಂತ ಅಷ್ಟೇ ಬರದಾರ, ದಿನಗೂಲಿ ಇಲ್ಲ, ಗ್ರೀಸಿನಾಗ 14 ದಿನ ಕೂಡಿ ಹಾಕಿದ್ರ ಹೋಟೆಲ್ ಬಿಲ್ಲು ಯಾರದು ಅಂತ ಇಲ್ಲ, ಅಲ್ಲಿಂದ ಊರಿಗೆ ಟಿಕೀಟ್ ಯಾರದು ಅಂತಾನೂ ಇಲ್ಲ. ವೀಸಾ ಮಾತು ಕೇಳಿದ್ರ ಸ್ಕಿಪ್ಪರ್ ಅಂತಾನಂತ, ಶೆಂಗೆನ್ ಒಳಗಿಂದ ಒಳಗ ಹೋಗೋದು, ಯಾರೂ ನೋಡಂಗಿಲ್ಲ, ಜುಲೈ 1ಕ್ಕ ಗ್ರೀಸಿನವರು ಎಲ್ಲಾ ತೆಗೀತಾರ, ನೀ ಸುಮ್ನ ಬಾ ಅಂತ. ಸ್ಕಿಪ್ಪರ್ ಮನುಷ್ಯ ಕೆಟ್ಟಾವ ಅಲ್ಲ ಅಂತಾನ ತಮ್ಮ, ಕಾಗದ ಎಲ್ಲಾ ಇದ್ದಾವ ಅವನವು, ರಾಫ್ಟೂ ಹೊಸದು. ನನಗ ತಿಳೀವಲ್ದು, ಅವ ಹೇಳೋದೂ ಖರೇನೇ ಇರಬಹುದಲ್ಲ?

ಇಂಜಿನ್‌ರೂಮ್, ಕಲಬುರಗಿ:

ಅರ್ಧ ಖರೆ. ಕೊರೊನಾ ಇಲ್ಲದ ಕಾಲದಾಗ ಒಂದು ಶೆಂಗೆನ್ ಬಂದರಿನಿಂದ ಇನ್ನೊಂದಕ್ಕ ಸೀದಾ ಹೋದ ದೋಣಿಗೆ ಪಾಸ್‌ಪೋರ್ಟ್ ಚೆಕಿಂಗ್ ಸಾಮಾನ್ಯವಾಗಿ ಇರಂಗಿಲ್ಲ. ಆದ್ರ ಈಗ ಪ್ರತಿ ದೇಶನೂ ಬಂದವರ ಹೆಸರು ಬರ್ಕೊಳ್ಳಕತ್ತದ, ಜುಲೈ 1ರಿಂದ ಗ್ರೀಸಿಗೆ ಬರೋ ಪ್ರತಿಯೊಬ್ಬನೂ ಎಲ್ಲಿಂದ ಬಂದೆ ಎಲ್ಲಿ ಉಳೀತೀನಿ ಅಂತ ಫಾರಂ ತುಂಬಬೇಕು. ಯಾರೂ ನೋಡಂಗಿಲ್ಲ ಅನ್ನೋ ಮಾತು 2019ಕ್ಕ ನಡೀತಿತ್ತು. ಮತ್ತ ಸಿಕ್ಕಿಬಿದ್ರ ಸ್ಕಿಪ್ಪರ್‌ಗೆ ವೀಸಾದ ತ್ರಾಸು ಇಲ್ಲ, ಅವನ ಪಾಸ್‌ಪೋರ್ಟು ಯುರೋಪಿಂದು. ಅವಂಗ ಇದು ಸಲೀಸ್ ಕಾಣೋದು ಅದಕ್ಕೇ.

ನನ್ನ ಕೇಳಿದ್ರ ಗ್ರೀಸಿಗೆ ಬ್ಯಾಡ. ಸ್ಪೇನ್ ಕೊಟ್ಟ ಮೂರು ತಿಂಗಳ ವಾಯಿದೆ ಒಳಗ ಊರಿಗೆ ಬರೋ ದಾರಿ ನೋಡ್ಲಿ. ಮ್ಯಾಡ್ರಿಡ್‌ದಾಗಿನ ನಮ್ಮ ರಾಯಭಾರ ಕಚೇರಿ ವೆಬ್‌ಸೈಟಿನಾಗ ಹೊರದೇಶದಾಗ ಸಿಕ್ಕೊಂಡವರನ್ನ ಕರಕೊಂಡು ಬರೋ ವಿಮಾನ ಯೋಜನೆ ವಂದೇ ಭಾರತ್‌ಕ್ಕ ಹೆಸರು ನೋಂದಣಿ ಮಾಡ್ಲಿ, ಇವತ್ತೇ. ಬಂದ ಮ್ಯಾಲ ಇಲ್ಲಿ ಏಳು ದಿನ ಸ್ವಂತ ಖರ್ಚಿನಾಗ ಹೋಟೆಲ್ ಕ್ವಾರಂಟೈನು, ಏಳು ದಿನ ಮನ್ಯಾಗ, ಅದಕ್ಕೂ ರೊಕ್ಕ ಎತ್ತಿಡ್ರಿ. ಇನ್ನೊಂದು ಮಾತು, ಟೂರಿಸ್ಟ್ ವೀಸಾ ಮ್ಯಾಲ ಬಂದರಿನಾಗ ದಿನಗೂಲಿ ಮಾಡೋದೂ ಕಾಯ್ದೆ ಹೊರಗಿಂದೇ, ಹುಡುಗರು ಎಲ್ಲಾರೂ ಮಾಡ್ತಾರ ಅಂತ ಇವನೂ ಧೈರ್ಯ ಮಾಡಬಾರದು.

ಸಗರನಾಡ ಸೈಲರ್, ಸುರಪುರ:

ಇಲ್ಲಿ ನಾ ಸಾಹೇಬ್ರ ಮಾತಿಗೆ ಪೂರಾ ಒಪ್ಪಂಗಿಲ್ಲ. ಯಾಟ್ ಲೈನಿನಾಗ ಹೋದ ಮೈಲೆಲ್ಲಾ ಬರದಿಟ್ಟ ಲಾಗ್‌ಬುಕ್ ಅಂದ್ರ ಬಂಗಾರ, ಯಾಟ್‌ಮಾಸ್ಟರ್ ಪರೀಕ್ಷೆಗೆ ಕುಂದ್ರಬೇಕು ಅಂದ್ರ ಅದೇ ಕೇಳ್ತಾರ, 900 ಮೈಲು ಒಮ್ಮೆಲೇ ಸಿಗೋದು ಸಣ್ಣ ಮಾತಲ್ಲ. ಅದಕ್ಕ ಒಂದ್ ಸರ್ತಿ ಕೇಳಿ ನೋಡ್ಲಿ, ಪ್ರೆವೇಝಾ ಬಂದರಿನ ಅಧಿಕಾರಿಗೆ ಸ್ಕಿಪ್ಪರ್ ಮೇಲ್ ಹಾಕ್ಲಿ, ನನ್ನ ಕ್ರೂನಾಗ ಒಬ್ಬ ಭಾರತೀಯ ಇದ್ದಾನ, ವೀಸಾ ಹಿಂಗಿಂಗ ಅದ, ಇಳೀಲಿಕ್ಕ ಬಿಡ್ತೀರೇನು ಅಂತ. ಹೂಂ ಅಂತ ಬರದು ಕೊಟ್ರ ಹೋಗ್ಲಿ. ಆ ಮೇಲ್ ಹಾಕ್ಲಿಕ್ಕೇ ಸ್ಕಿಪ್ಪರ್ ಹಿಂದ ಸರದ್ರ ನಿಮಗ ಉತ್ತರ ಸಿಕ್ಕಂಗಾಯ್ತು. ಮತ್ತ ದಿನಗೂಲಿ ಕೊಡದಿದ್ರೂ ನಡೀತದ, ಹೊಸಬರಿಗೆ ಬಾಳ ಕಡೆ ಕೊಡಂಗಿಲ್ಲ, ಆದ್ರ ವಾಪಸ್ ಟಿಕೀಟು, ಕ್ವಾರಂಟೈನ್ ಖರ್ಚು, ಇನ್ಶೂರೆನ್ಸಿನಾಗ ಕ್ರೂ ಅಂತ ಹೆಸರು, ಈ ಮೂರು ಬರವಣಿಗಿಯಾಗ ಇಲ್ಲದ ದೋಣಿ ಹತ್ತಬಾರದು.

ಬೀದರ್ ಕೋಟೆ:

ಹೋಗ್ಲಿ ಅಂದಿದ್ದು ವಾಪಸ್ ತೊಗೊಂಡೆ. ಇನ್ಶೂರೆನ್ಸಿನಾಗ ಹೆಸರಿಲ್ಲದಾವ ಟಂಟಂ ಸೈತ ಹತ್ತಬಾರದು.

ಬಿತ್ತಿಗಿ ಅಣ್ಣ, ಕಲಬುರಗಿ:

ಮುಂದಿನ ಸುದ್ದಿ ಹೇಳ್ತೀನಿ. ಸ್ಕಿಪ್ಪರ್ ಮೇಲ್ ಹಾಕಿದ ಪಾಪ, ಹಿಂದ ಸರೀಲಿಲ್ಲ. ಗ್ರೀಸಿನವರು ಎರಡು ದಿನಕ್ಕ ಉತ್ತರ ಕೊಟ್ಟಾರ, ವೀಸಾ ಚಾಲ್ತಿ ಇಲ್ಲದಾವಂಗ ಇಳೀಲಿಕ್ಕ ಬಿಡಂಗಿಲ್ಲ ಅಂತ. ತಮ್ಮನ ಜಾಗಾಕ್ಕ ಫ್ರಾನ್ಸಿನ ಹುಡುಗ ಒಬ್ಬ ಹೊಂಟಾನ. ಇವಂಗ ಬ್ಯಾಸರಾಗ್ಯದ, ನನ್ನ ಕೂಡ ಸರಿಯಾಗಿ ಮಾತಾಡವಲ್ಲ, ಅವ್ವನ ಕೂಡ ಮಾತಾಡ್ತಾನ. ರಾಯಭಾರ ಕಚೇರಿಯಾಗ ಹೆಸರು ಹಚ್ಚ್ಯಾನ, ಇನ್ನೂ ಫೋನ್ ಬಂದಿಲ್ಲ. ಇಂಜಿನ್‌ರೂಮ್ ಸರ್, ಆ ಮೂರು ತಿಂಗಳ ವಾಯಿದೆ ಲೆಕ್ಕ ಯಾವ ತಾರೀಖಿನಿಂದ ಹಿಡೀಬೇಕ್ರಿ, ವೀಸಾ ಮುಗದ ದಿನದಿಂದೋ ಅಥವಾ ತುರ್ತು ಸ್ಥಿತಿ ತೆಗದ ಜೂನ್ 21ರಿಂದೋ? ಒಳಗ ಬಂದಾಗಿನ ಮುದ್ರೆ ಫೋಟೋ ಅದ ನನ್ನ ಬಲ್ಲಿ.

ಇಂಜಿನ್‌ರೂಮ್, ಕಲಬುರಗಿ:

ಯಾವ್ದು ಮೊದಲು ಮುಗೀತದೋ ಅದನ್ನೇ ಹಿಡೀರಿ, ಆಗಸ್ಟ್ ಒಳಗ ಹೊರಗ ಬೀಳೋ ಲೆಕ್ಕ ಇಟ್ಕೋರಿ. ಪಾಲ್ಮಾದಾಗಿನ ವಿದೇಶಿಯರ ಕಚೇರಿಗೆ ಹೋಗಿ ಅವ ಖುದ್ದ ಕೇಳಿ ಬರಸ್ಕೊಂಡು ಬರ್ಲಿ, ಬಾಯಿ ಮಾತು ವಿಮಾನ ನಿಲ್ದಾಣದಾಗ ನಡಿಯಂಗಿಲ್ಲ. ಮುದ್ರೆ ಫೋಟೋ ಇಲ್ಲಿ ಹಾಕಬ್ಯಾಡ್ರಿ, ನನಗ ಮೆಸೇಜ್ ಮಾಡ್ರಿ, ಪಾಸ್‌ಪೋರ್ಟ್ ನಂಬರ್ ಮುಚ್ಚಿ.